‘ಸ್ಥಾವರ’ ಶಬ್ದ ಮತ್ತು ನಿಂತ ಕಲ್ಲುಗಳು

ವಚನಸಾಹಿತ್ಯದಲ್ಲಿ ‘ಸ್ಥಾವರ’, ‘ಜಂಗಮ’ ಎಂಬ ಶಬ್ದಗಳಷ್ಟು ಅವಸರದಿಂದ ಅರ್ಥೈಸಲ್ಪಟ್ಟ ಶಬ್ದಗಳು ವಿರಳ. ಬೆಂಗಳೂರಿನ ಜ್ಞಾನಭಾರತಿಯಲ್ಲಿ ವಚನಗಳನ್ನು ಅಭ್ಯಸಿಸುವ ವಿದ್ಯಾರ್ಥಿಗೆ ಮಾಗಡಿ ಸೀಮೆಯ ಸಾವನದುರ್ಗ ದೂರದ ಊರಲ್ಲ. ಬೆಟ್ಟದ ಬುಡದಲ್ಲಿ ವೀರಭದ್ರಸ್ವಾಮಿಯ ಗುಡಿಯಿದೆ. ಅದೇ ಪರಿಸರದ ಬೃಹತ್ ಶಿಲಾ ಗೋರಿಗಳ ವಿವರವನ್ನು ಬ್ರಾನ್‌ಫಿಲ್ ಎಂಬಾತನು 1881ರಷ್ಟು ಹಿಂದೆಯೇ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದ್ದನು. ದರ್ಶನ ಮುಗಿಸಿ ಆ ಕಲ್ಲುಗಳ ಎದುರು ನಿಂತ ವಿದ್ಯಾರ್ಥಿಗೆ ಒಂದು ಶಂಕೆ ಮೂಡುವುದು ಸಹಜ. ಸ್ಥಾವರವೇ ನಶ್ವರವೆಂದು ಅಣ್ಣನವರ ನಿಲುವು. ಇಲ್ಲಿಯಾದರೋ ನಡೆದಾಡಿದವರು ಹೆಸರೂ ಉಳಿಯದಂತೆ ಹೋಗಿದ್ದಾರೆ, ಕಲ್ಲು ನಿಂತಿದೆ.

ಈ ಶಂಕೆ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನಲ್ಲಿ ಇಮ್ಮಡಿಯಾಗುತ್ತದೆ. ಅಲ್ಲಿಯ ಜನ ‘ಮೋರ್ಯರ ಗುಡ್ಡ’ವೆಂದು ಕರೆಯುವ ಬೆಟ್ಟದ ಮೇಲೆ, ಎರಡು ಸಾವಿರ ವರ್ಷಗಳಿಗೂ ಹಿಂದಿನ ಸುಮಾರು 400 ಶಿಲಾರಚನೆಗಳಿವೆ. ಹಾಸುಬಂಡೆಗಳನ್ನು ಲಂಬವಾಗಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ, ಹಲವಕ್ಕೆ ಒಂದು ಬದಿಯಲ್ಲಿ ದುಂಡನೆಯ ಕಿಂಡಿ ಕೊರೆದಿದ್ದಾರೆ. ಸಮೀಪದ ಬಂಡೆಗಳ ಆಸರೆಯಲ್ಲಿ ಕೆಂಪು ಬಣ್ಣದ ಚಿತ್ರಗಳಿವೆ. 2021ರಲ್ಲಿ ಈ ನೆಲೆ ಯುನೆಸ್ಕೋ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಯನ್ನು ಸೇರಿತು.

ಎ. ಕೆ. ರಾಮಾನುಜನ್ ಅವರು 1973ರಲ್ಲಿ ಹೊರತಂದ ‘ಸ್ಪೀಕಿಂಗ್ ಆಫ್ ಶಿವ’ದ ಪೀಠಿಕೆಯಲ್ಲಿ ಸ್ಥಾವರ-ಜಂಗಮದ ವಚನವನ್ನೇ ಮುಂದಿಟ್ಟು, ನಿಲ್ಲುವುದು, ಚಲಿಸುವುದು ಎಂಬ ಧಾತ್ವರ್ಥಗಳನ್ನು ಬೆಳಗಿಸಿದರು. ಆ ವಿವೇಚನೆ ಬೆಲೆಯುಳ್ಳದ್ದು. ಆದರೆ ಅದನ್ನು ಓದಿದ ಅನೇಕರು ಧಾತ್ವರ್ಥದಲ್ಲಿಯೇ ನಿಂತುಬಿಟ್ಟರು. ನಿಂತದ್ದೆಲ್ಲ ಸ್ಥಾವರ, ಸ್ಥಾವರವೆಂದರೆ ಕಲ್ಲು, ಕಲ್ಲೆಂದರೆ ಹೇಯ ಎಂಬ ಸರಣಿ ಹೀಗೆ ಹುಟ್ಟಿತು. ವಚನವನ್ನು ಇಡಿಯಾಗಿ ನೋಡಿದರೆ ಈ ಸರಣಿ ನಿಲ್ಲದು. ಅಲ್ಲಿ ದೇಗುಲಕ್ಕೆ ಎದುರಾಗಿ ಇಟ್ಟಿರುವುದು ಭಕ್ತನ ದೇಹವನ್ನು. ದೇಹವಾದರೋ ಕಣಶಿಲೆಗಿಂತ ಬಹು ಬೇಗ ಅಳಿಯತಕ್ಕದ್ದು. ಇದು ಅಣ್ಣನವರಿಗೆ ತಿಳಿಯದ ಸಂಗತಿಯೇ? ಆದುದರಿಂದ ಅಲ್ಲಿಯ ಅಳಿವು ವಸ್ತುವಿನ ಬಾಳಿಕೆಯ ಲೆಕ್ಕವಲ್ಲ. ವಚನದ ಆರಂಭವೇ ಉಳ್ಳವ, ಬಡವ ಎಂಬ ಭೇದದಿಂದ. ಸಿರಿಯಿಂದ ಕಟ್ಟಿಸಿ ಭಕ್ತಿ ತೀರಿತೆಂದು ಬಗೆಯುವ ಮನೋಧರ್ಮವೇ ಅಲ್ಲಿ ಸ್ಥಾವರ. ಅದು ಮಾಂಸದ ದೇಹದಲ್ಲಿಯೂ ಇರಬಹುದು, ಮಠದಲ್ಲಿಯೂ ಇರಬಹುದು.

ಇನ್ನು ಕೆಲವರು ತದ್ವಿರುದ್ಧ ದಿಕ್ಕಿಗೆ ಹೊರಳಿ, ಈ ನಿಂತ ಕಲ್ಲುಗಳನ್ನು ಆದಿಮ ಲಿಂಗಗಳೆಂದು ಸಂಭ್ರಮಿಸುತ್ತಾರೆ. ಭಕ್ತಿಯಿಂದ ಹುಟ್ಟಿದ ಮಾತಾದರೂ ಇದು ಒಪ್ಪತಕ್ಕದ್ದಲ್ಲ. ಅವು ಸತ್ತವರ ನೆನಹಿಗಾಗಿ ಎದ್ದ ರಚನೆಗಳು. ಇಷ್ಟಲಿಂಗದ ಕಲ್ಪನೆ ಅಂಗದ ಮೇಲೆ ಬಂದದ್ದು, ಗುರುವಿನ ಕೈಯಿಂದ ಬಂದದ್ದು. ಅದಕ್ಕೆ ಪ್ರಾಚೀನತೆಯ ಸಾಲ ಬೇಕಾಗಿಲ್ಲ. ಹಾಗೆ ಎಳೆದು ಜೋಡಿಸುವುದರಿಂದ ಆ ಅಜ್ಞಾತ ಜನರಿಗೂ ಶರಣರಿಗೂ ಸಮಾನವಾಗಿ ಅನ್ಯಾಯ.

ಆ ಜನರನ್ನು ಆದರ್ಶೀಕರಿಸುವ ಅಗತ್ಯವೂ ಇಲ್ಲ. ಗೋರಿಗಳ ಗಾತ್ರದಲ್ಲಿ ತಾರತಮ್ಯವಿದೆ. ಸತ್ತವರೆಲ್ಲರಿಗೂ ಇಂಥ ಚಪ್ಪಡಿ ದೊರೆತಿರಲಾರದು. ಉಳ್ಳವರ ಪ್ರಶ್ನೆ ಅಲ್ಲಿಯೂ ಇದ್ದಿತೆನ್ನಬೇಕು. ಆದರೆ ಅಂಥ ಚಪ್ಪಡಿಯನ್ನು ಒಬ್ಬನ ಸಿರಿ ಎತ್ತಲಾರದು, ಹಲವರ ಹೆಗಲು ಕೂಡಬೇಕು. ವಚನದ ವಿದ್ಯಾರ್ಥಿ ಅಲ್ಲಿ ನೋಡಬೇಕಾದುದು ಈ ಎರಡನ್ನೂ.

ಇದು ಬರಿಯ ಪಂಡಿತರ ಚರ್ಚೆಯಲ್ಲ. ಬಳ್ಳಾರಿಯ ಬಳಿಯ ಸಂಗನಕಲ್ಲು-ಕಪ್ಪಗಲ್ಲಿನ ಬೆಟ್ಟದಲ್ಲಿ, ಕರಿಬಂಡೆಗಳನ್ನು ಕುಟ್ಟಿ ಮೂಡಿಸಿದ ಉದ್ದಗೊಂಬಿನ ಗೂಳಿಗಳಿವೆ, ತಟ್ಟಿದರೆ ನಾದಗೊಡುವ ಕಲ್ಲುಗಳಿವೆ. ನವಶಿಲಾಯುಗದ ಕೈಗಳು ತಟ್ಟಿ ತಟ್ಟಿ ಅಲ್ಲಿ ಕುಳಿ ಬಿದ್ದಿದೆ. ಆ ನೆಲೆಗೆ ಕಲ್ಲುಗಣಿಯಿಂದ ಒದಗಿದ ಅಪಾಯವನ್ನು ಸಂಶೋಧಕರು ಈ ಶತಮಾನದ ಆರಂಭದಲ್ಲಿಯೇ ಎತ್ತಿ ಹೇಳಿದ್ದರು. ಸ್ಥಾವರವಲ್ಲವೇ, ಅಳಿದರೇನು ಎಂದು ವಚನದ ಹೆಸರಿನಲ್ಲಿ ಸುಮ್ಮನಾಗುವವನು, ಸಿಡಿಮದ್ದಿಟ್ಟು ಕಲ್ಲು ಮಾರುವ ಉಳ್ಳವನ ಪಕ್ಷದಲ್ಲಿ ತನಗೆ ತಿಳಿಯದೆಯೇ ಹೋಗಿ ನಿಂತಿರುತ್ತಾನೆ.