ತೋಟದ ಮನೆಯ ರೂಟರು, ಬೆಂಗಳೂರಿನ ಕಣ್ಣು

ಸುಳ್ಯ ಸೀಮೆಯ ಗುತ್ತಿಗಾರು, ನಾಲ್ಕೂರು, ಕಮಿಲ, ದೇವಚಳ್ಳ ಕಡೆಯ ತೋಟದ ಮನೆಗಳಲ್ಲಿ ರೂಟರಿನ ಮೇಲೆ ಇಬ್ಬರ ಯಜಮಾನಿಕೆ. ಬಿಲ್ಲು ಕಟ್ಟುವುದು, ಧೂಳು ಒರೆಸುವುದು, ಗುಡುಗು ಬಂದಾಗ ಪ್ಲಗ್ ಕೀಳುವುದು ಮನೆಯಲ್ಲಿರುವ ಅಪ್ಪ ಅಮ್ಮ. ಪಾಸ್‌ವರ್ಡ್ ಗೊತ್ತಿರುವುದು ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವ ಮಕ್ಕಳಿಗೆ. ಇಂಟರ್‌ನೆಟ್ ಕೈಕೊಟ್ಟ ದಿನ ಈ ಎರಡೂ ಪಕ್ಷಗಳು ಫೋನಿನಲ್ಲಿ ಎದುರಾಗುತ್ತವೆ.

"ಅಮ್ಮಾ, ಡಬ್ಬದಲ್ಲಿ ಎಷ್ಟು ದೀಪ ಉರೀತಾ ಉಂಟು?"

"ಮೂರು ಹಸಿರು. ಒಂದು ಕೆಂಪು ಮಿಣುಕ್ತಾ ಉಂಟು."

"ಕೆಂಪಿನ ಅಡಿಯಲ್ಲಿ ಎಂತ ಬರೆದಿದೆ ನೋಡು."

"ಕನ್ನಡಕ ಎಲ್ಲಿಟ್ಟೆನೋ ಮಗಾ."

ಇಷ್ಟಾದರೂ ಮಾತು ನಡೆಯಿತಲ್ಲ, ಅದೇ ಪುಣ್ಯ. ಗುಡ್ಡೆಯ ಮರೆಯಲ್ಲಿರುವ ಎಷ್ಟೋ ಮನೆಗಳಿಗೆ ಮೊಬೈಲ್ ಸಿಗ್ನಲ್ಲೇ ಇಲ್ಲ. ಫೋನ್ ಕರೆ ಕೂಡ ವೈಫೈ ಮೇಲೇ ಬರಬೇಕು. ಅಂಥಲ್ಲಿ ಫೈಬರ್ ಹೋದರೆ, ಹೋಗಿದೆ ಎಂದು ತಿಳಿಸುವ ದಾರಿಯೂ ಅದರ ಜೊತೆಗೇ ಹೋಗುತ್ತದೆ. ಆದ್ದರಿಂದ ದೂರದಿಂದ ರೂಟರ್ ಕಾಯುವ ಹವ್ಯಾಸಕ್ಕೆ ಈ ಸೀಮೆಯಲ್ಲಿ ಒಂದು ವಿಶೇಷ ಕೆಲಸ ಉಂಟು: ಆ ಕಡೆಯಿಂದ ಸದ್ದಿಲ್ಲ ಎಂದಾದರೆ ಏನಾಗಿರಬಹುದು ಎಂದು ಲೆಕ್ಕ ಹಾಕುವುದು. ಕೂತಲ್ಲಿಂದಲೇ ರೂಟರನ್ನು ಆರಿಸಿ ಹೊತ್ತಿಸುವ, ಅದರ ಹೊಟ್ಟೆಯೊಳಗಿನ ಸೆಟ್ಟಿಂಗ್ ಬದಲಿಸುವ ಸಾಫ್ಟ್‌ವೇರು ಬೇಕಾದಷ್ಟಿದೆ. ನನ್ನ ಮಟ್ಟಿಗೆ ಅದು ಎರಡನೇ ದರ್ಜೆಯ ಸುಖ. ಮೊದಲನೆಯದು ನೋಡುವುದು.

2021ರ ಜೂನ್‌ನಲ್ಲಿ ಗುತ್ತಿಗಾರು ಹತ್ತಿರದ ಬಳ್ಳಕ್ಕದ ಒಂದು ಚಿತ್ರ ದೇಶವೆಲ್ಲ ಓಡಾಡಿತ್ತು. ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕೂತು ಎಸ್ಸೆಸ್ಸೆಲ್ಸಿ ಹುಡುಗಿಯೊಬ್ಬಳು ಆನ್‌ಲೈನ್ ಪಾಠ ಕೇಳುತ್ತಿದ್ದಳು; ಅಪ್ಪ ಕೊಡೆ ಹಿಡಿದು ನಿಂತಿದ್ದರು. ಸಿಗ್ನಲ್ ಸಿಗುತ್ತಿದ್ದದ್ದು ಆ ಜಾಗದಲ್ಲಿ, ಅಷ್ಟೇ. ಆಮೇಲೆ ಕರೆಂಟು ಕಂಬದಿಂದ ಮರಕ್ಕೆ, ಮರದಿಂದ ಮನೆಯ ಮಾಡಿಗೆ ಹಾರುತ್ತಾ ಫೈಬರ್ ತೋಟಗಳ ಒಳಗೂ ಬಂದಿದೆ. ಅದು ಬಂದ ದಾರಿ ನೋಡಿದವರಿಗೆ ಅದು ಯಾಕೆ ಆಗಾಗ ಸಾಯುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ನೋಡುವುದಕ್ಕೆ ಬೇಕಾದ ಸಾಮಾನು ಹಳೆಯದು, ಅಗ್ಗದ್ದು. ಪಿಂಗ್ ಎಂಬ ಪುಟ್ಟ ಪ್ರೋಗ್ರಾಮನ್ನು ಅಮೆರಿಕದ ಮೈಕ್ ಮುಸ್ 1983ರ ಡಿಸೆಂಬರಿನಲ್ಲಿ ಬರೆದ. 'ಇದ್ದೀಯಾ?' ಎಂದು ಕೇಳಿ, 'ಇದ್ದೇನೆ' ಎಂಬ ಉತ್ತರ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂದು ಅಳೆಯುವುದಷ್ಟೇ ಅದರ ಕೆಲಸ. ಹತ್ತು ವರ್ಷ ಕಳೆದ ಮೇಲೆ ಟೋಬಿ ಓಟಿಕರ್ ಎಂಬ ಸ್ವಿಸ್ ಹುಡುಗ, ಇಡೀ ಸಂಸ್ಥೆಗೆ 64 ಕಿಲೋಬಿಟ್‌ನ ಒಂದೇ ಲೈನ್ ಇದ್ದ ಜಾಗದಲ್ಲಿ ಕೆಲಸ ಮಾಡುತ್ತಾ, ಆ ಲೈನಿನಲ್ಲಿ ಏನು ಹರಿಯುತ್ತಿದೆ ಎಂದು ನೋಡಲು ಎಂಆರ್‌ಟಿಜಿ ಬರೆದ. ಅವನದೇ ಸ್ಮೋಕ್‌ಪಿಂಗ್ ನನ್ನ ಮೆಚ್ಚಿನದು. ಐದು ನಿಮಿಷಕ್ಕೊಮ್ಮೆ 20 ಪಿಂಗ್ ಕಳಿಸುತ್ತದೆ. ಉತ್ತರಗಳು ಒಂದೇ ಹೊತ್ತಿಗೆ ಬಂದರೆ ತೆಳು ಗೆರೆ, ಹಿಂದುಮುಂದಾದರೆ ಗೆರೆಯ ಸುತ್ತ ಬೂದು ಹೊಗೆ. ಇವತ್ತಿನ ಚಂದದ ಡ್ಯಾಶ್‌ಬೋರ್ಡುಗಳು ಹಸಿರು ಚುಕ್ಕೆ, ಕೆಂಪು ಚುಕ್ಕೆ ತೋರಿಸಿ ಸುಮ್ಮನಾಗುತ್ತವೆ. ಹೊಗೆಯಲ್ಲಿರುವ ವಿವರ ಚುಕ್ಕೆಯಲ್ಲಿಲ್ಲ.

ಒಂದು ತೊಡಕು ಉಂಟು. ಈಗಿನ ಬಹುತೇಕ ಮನೆ ಸಂಪರ್ಕಗಳಿಗೆ ಸ್ವಂತ ವಿಳಾಸ ಇಲ್ಲ. ನೂರಾರು ಮನೆಗಳು ಒಂದೇ ವಿಳಾಸದ ಹಿಂದೆ ಕೂತಿರುತ್ತವೆ. ಹೊರಗಿನಿಂದ ಹೋಗಿ ಬಾಗಿಲು ತಟ್ಟುವಂತಿಲ್ಲ. ಆದ್ದರಿಂದ ಊರಿನ ರೂಟರೇ ಹೊರಗೆ ಕರೆ ಮಾಡಬೇಕು: ಬಾಡಿಗೆಯ ಒಂದು ಸಣ್ಣ ಸರ್ವರಿಗೆ ವೈರ್‌ಗಾರ್ಡ್ ಸುರಂಗ ತೋಡಿ, 25 ಸೆಕೆಂಡಿಗೊಮ್ಮೆ ಅದನ್ನು ಜೀವಂತವಾಗಿಡಬೇಕು. ಸುಮಾರು 4,000 ಸಾಲಿನ ಈ ಪ್ರೋಗ್ರಾಮು 2020ರ ಮಾರ್ಚಿನಲ್ಲಿ ಲಿನಕ್ಸಿನ ಒಳಗೇ ಸೇರಿಕೊಂಡಿತು. ಮೈಕ್ರೊಟಿಕ್ ರೂಟರುಗಳಲ್ಲೂ ಓಪನ್‌ವರ್ಟ್ ಹಾಕಿದ ಹಳೆಯ ಡಬ್ಬಗಳಲ್ಲೂ ಓಡುತ್ತದೆ.

ಇನ್ನು ಚಿತ್ರ ಓದುವುದು. ಈ ಹವ್ಯಾಸದ ರುಚಿ ಇರುವುದು ಇಲ್ಲಿ.

ಏಪ್ರಿಲ್ ತಿಂಗಳ ಅಪರಾಹ್ನ. ಮೂರೂವರೆಯ ತನಕ ಗೆರೆ ನೇರ, ಹೊಗೆಯ ಸುಳಿವೇ ಇಲ್ಲ. ಇದ್ದಕ್ಕಿದ್ದ ಹಾಗೆ ಕತ್ತರಿಸಿದಂತೆ ಖಾಲಿ. ಆರು ಗಂಟೆಗೆ ಮತ್ತೆ ನೇರ ಗೆರೆ. ಇದು ರೋಗವಲ್ಲ. ಸುಬ್ರಹ್ಮಣ್ಯದ ಕಡೆಯಿಂದ ಮೋಡ ಕಪ್ಪಾಯಿತು, ಮೊದಲ ಗುಡುಗು ಕೇಳಿತು, ಅಮ್ಮ ಪ್ಲಗ್ ಕಿತ್ತರು. ತಾಮ್ರದ ತಂತಿಯ ಲ್ಯಾಂಡ್‌ಲೈನ್ ಕಾಲದಲ್ಲಿ ಸಿಡಿಲು ಫೋನಿನ ಒಳಗೇ ಬಂದು ಕೂರುತ್ತಿತ್ತು. ಫೈಬರ್ ಗಾಜು, ಅದರಲ್ಲಿ ಕರೆಂಟು ಹರಿಯುವುದಿಲ್ಲ, ಮತ್ತೆ ಯಾಕೆ ಹೆದರಿಕೆ ಎಂದು ಕೇಳುವ ಪಟ್ಟಣದ ಮಕ್ಕಳಿದ್ದಾರೆ. ಅಡಾಪ್ಟರಿಗೆ ಬರುವ ಕರೆಂಟು ಗಾಜಲ್ಲವಲ್ಲ. ಫೈಬರನ್ನು ಎಳೆದು ಕಟ್ಟಲು ಜೊತೆಗಿರುವ ಉಕ್ಕಿನ ತಂತಿಯೂ ಗಾಜಲ್ಲ. ಅಂಗಳದ ಕ್ಯಾಮರಾಕ್ಕೆ ಎಳೆದ ಕೇಬಲ್ ಅಂತೂ ಸಿಡಿಲಿಗೆ ಆಮಂತ್ರಣ. ಗುಡುಗಿಗೆ ಪ್ಲಗ್ ಕೀಳುವ ಅಮ್ಮಂದಿರೇ ಸರಿ. 'ಸಂಪರ್ಕ ಕಡಿದಿದೆ' ಎಂದು ಕೂಗುವ ಸಾಫ್ಟ್‌ವೇರನ್ನು ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರಿನ ಅಪರಾಹ್ನಗಳಲ್ಲಿ ಬಾಯಿ ಮುಚ್ಚಿಸಿ ಇಡುವುದು ಒಳ್ಳೆಯದು.

ಜುಲೈಯ ಮೌನ ಬೇರೆ. ಗಾಳಿಗೆ ಮರ ಬಿದ್ದು ಮೆಸ್ಕಾಂ ಲೈನ್ ಹೋಯಿತು ಎನ್ನಿ. ಮನೆಯಲ್ಲಿ ಇನ್ವರ್ಟರ್ ಇದೆ, ರೂಟರ್ ಉರಿಯುತ್ತಲೇ ಇರುತ್ತದೆ. ಕೆಲವು ಗಂಟೆ ಕಳೆದ ಮೇಲೆ ಪೇಟೆಯಲ್ಲಿರುವ ಇಂಟರ್‌ನೆಟ್ ಕಂಪೆನಿಯ ಯಂತ್ರದ ಬ್ಯಾಟರಿ ಮುಗಿಯುತ್ತದೆ. ಬೆಂಗಳೂರಿಗೆ ಪ್ಲಗ್ ಕಿತ್ತ ಮೌನವೂ ಈ ಮೌನವೂ ಒಂದೇ ಥರ ಖಾಲಿ. ಬಿಡಿಸುವುದು ಹೇಗೆ? ಸಂಪರ್ಕ ಮರಳಿದ ಕೂಡಲೇ ರೂಟರಿನ ಅಪ್‌ಟೈಮ್ ನೋಡಿ. ಸೊನ್ನೆಯಿಂದ ಶುರುವಾಗಿದ್ದರೆ ಮನೆಯಲ್ಲೇ ಕರೆಂಟು ಹೋಗಿತ್ತು, ಇಲ್ಲವೇ ಯಾರೋ ಪ್ಲಗ್ ಕಿತ್ತಿದ್ದರು. ದಿನಗಟ್ಟಲೆ ಓಡುತ್ತಲೇ ಇದ್ದರೆ ರೂಟರು ನಿರಪರಾಧಿ, ಹೋದದ್ದು ಹೊರಗಿನ ಲೈನು. ಗುತ್ತಿಗಾರು ಪೇಟೆಯಲ್ಲಿ ಅದೇ ಕಂಪೆನಿಯ ಸಂಪರ್ಕ ಇರುವ ಸ್ನೇಹಿತರ ಅಂಗಡಿಯೊಂದನ್ನು, ಅವರ ಒಪ್ಪಿಗೆ ಪಡೆದು, ಪಿಂಗ್ ಪಟ್ಟಿಗೆ ಸೇರಿಸಿಕೊಂಡರೆ ಇನ್ನೂ ಚಂದ. ಎರಡೂ ಕಡೆ ಸದ್ದಿಲ್ಲವೆಂದರೆ ತೊಂದರೆ ಎಲ್ಲರದು. ಲೈನ್‌ಮನ್‌ಗೆ ಹತ್ತು ಸಲ ಫೋನ್ ಮಾಡಿ ಪ್ರಯೋಜನವಿಲ್ಲ.

ಕಂಪೆನಿಯವರಿಗೆ ಇಷ್ಟು ಊಹಾಪೋಹ ಬೇಕಾಗಿಲ್ಲ. ಗೋಡೆಯ ಫೈಬರ್ ಡಬ್ಬಕ್ಕೆ ಕರೆಂಟು ಹೋದಾಗ, ಒಳಗಿನ ಕೆಪಾಸಿಟರಿನಲ್ಲಿ ಉಳಿದ ಚೂರು ಶಕ್ತಿಯಲ್ಲಿ ಅದು 'ನನಗೆ ಕರೆಂಟು ಹೋಯಿತು' ಎಂಬ ಒಂದು ಸಂದೇಶವನ್ನು ಪೇಟೆಯ ಯಂತ್ರಕ್ಕೆ ಕಳಿಸಿ ಆರುತ್ತದೆ. ಫೈಬರ್ ತುಂಡಾದರೆ ಆ ಸಂದೇಶ ಹೋಗುವುದಿಲ್ಲ. ಹೀಗೆ ಅವರಿಗೆ ಎರಡು ಮೌನಗಳ ವ್ಯತ್ಯಾಸ ಆ ಕ್ಷಣದಲ್ಲೇ ಗೊತ್ತಾಗುತ್ತದೆ. ಗಿರಾಕಿಗೂ ಅದನ್ನು ಒಂದು ಎಸ್ಸೆಮ್ಮೆಸ್ಸಿನಲ್ಲಿ ತಿಳಿಸಿದರೆ ಯಾರ ಗಂಟು ಹೋಗುತ್ತದೋ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಬೆಳಕಿನ ಅಳತೆ. ಆ ಡಬ್ಬದ ಒಳಪುಟದಲ್ಲಿ, ಬಂದು ಸೇರುತ್ತಿರುವ ಬೆಳಕು ಎಷ್ಟೆಂದು ಮೈನಸ್ ಸಂಖ್ಯೆಯಲ್ಲಿ ಬರೆದಿರುತ್ತದೆ. ಮೈನಸ್ 19 ಇದ್ದದ್ದು ಮೈನಸ್ 22 ಆಯಿತೆಂದರೆ ಬೆಳಕು ಅರ್ಧಕ್ಕೆ ಇಳಿಯಿತು. ಮೈನಸ್ 27ರ ಆಸುಪಾಸಿನಲ್ಲಿ ಸಾಮಾನ್ಯ ಡಬ್ಬಗಳು ಕೈಚೆಲ್ಲುತ್ತವೆ. ಗಂಟೆಗೊಮ್ಮೆ ಈ ಸಂಖ್ಯೆಯನ್ನು ಓದಿ ಬರೆದಿಡುವ ಹತ್ತಿಪ್ಪತ್ತು ಸಾಲಿನ ಸ್ಕ್ರಿಪ್ಟ್ ರೂಟರಿನಲ್ಲಿದ್ದರೆ, ಸಂಪರ್ಕ ಕಡಿಯುವ ವಾರಗಳ ಮೊದಲೇ ಸುಳಿವು ಸಿಗುತ್ತದೆ. ಒಮ್ಮೆಲೇ ಎರಡು ಮೂರು ಅಂಕ ಇಳಿದು ಅಲ್ಲೇ ನಿಂತರೆ ಎಲ್ಲೋ ಸೋಗೆ ಬಿದ್ದು ಕೇಬಲ್ ಮಡಚಿದೆ. ಮಳೆ ಬಂದಾಗ ಇಳಿದು ಬಿಸಿಲಿಗೆ ಏರುತ್ತಿದ್ದರೆ ಜಾಯಿಂಟ್ ಪೆಟ್ಟಿಗೆಗೆ ನೀರು ಹೋಗುತ್ತಿರಬಹುದು. ಗಾಳಿ ಬೀಸಿದಾಗೆಲ್ಲ ತೂಗಾಡುವ ಸಂಖ್ಯೆ, ಕೇಬಲನ್ನು ಎಳೇ ಅಡಿಕೆ ಮರಕ್ಕೆ ಕಟ್ಟಿದ್ದಾರೆಂದು ಹೇಳುತ್ತದೆ. ಇದನ್ನು ಪಾರಾಯಣ ಮಾಡಿಕೊಂಡು ಫೋನ್ ಮಾಡಿದರೆ ಕೇಬಲಿನ ಹುಡುಗ ಮೊದಲು ಗಾಬರಿಯಾಗುತ್ತಾನೆ, ಆಮೇಲೆ ನಿಮ್ಮ ಮನೆಗೆ ಬೇಗ ಬರುತ್ತಾನೆ.

ಲೆಕ್ಕ ಬರೆದಿಡುವುದು ಸುಳ್ಯ ಸೀಮೆಗೆ ಹೊಸತೇನಲ್ಲ. ಬಾಳಿಲದಂಥ ಊರುಗಳಲ್ಲಿ ದಶಕಗಳಿಂದ ಬೆಳಿಗ್ಗೆ ಎದ್ದು ಮಳೆ ಅಳೆದು ಮಿಲಿಮೀಟರಿನಲ್ಲಿ ಬರೆದಿಟ್ಟ ಕೃಷಿಕರಿದ್ದಾರೆ. ಮಳೆಯನ್ನು ನಿಲ್ಲಿಸುವುದಕ್ಕೋ ಬರಿಸುವುದಕ್ಕೋ ಅವರು ಬರೆದದ್ದಲ್ಲ. ಪಿಂಗ್ ಚಿತ್ರವೂ ಹಾಗೆಯೇ ವರ್ಷ ತುಂಬಿದ ಮೇಲೆ ಮಾತಾಡಲು ಶುರು ಮಾಡುತ್ತದೆ. ಮಳೆಯ ಪುಸ್ತಕವನ್ನು ಪಕ್ಕದಲ್ಲಿಟ್ಟು ಓದಿದರಂತೂ ಯಾವ ಜಾಯಿಂಟು ಎಷ್ಟು ಮಳೆಗೆ ಸೋಲುತ್ತದೆ ಎಂಬಲ್ಲಿವರೆಗೆ.

ಈಗ ಎರಡನೇ ದರ್ಜೆಯ ಸುಖಕ್ಕೆ ಬರೋಣ. ದೂರದಿಂದ ಸ್ವಿಚ್ ಹಾಕುವುದು ನಮ್ಮವರಿಗೆ ಅಭ್ಯಾಸವಾಗಿದೆ. ತೋಟದ ಪಂಪಿಗೆ ಮೊಬೈಲ್ ಸ್ಟಾರ್ಟರ್ ಇಟ್ಟು, ತ್ರೀಫೇಸ್ ಬಂತೆಂದು ತಿಳಿದ ಮೇಲೆ ಮನೆಯಿಂದಲೇ ಪಂಪು ಬಿಡುವವರು ಎಷ್ಟೋ ಮಂದಿ. ಅದೇ ಧೈರ್ಯವನ್ನು ರೂಟರಿನ ಮೇಲೆ ತೋರಿಸಿದರೆ ಕೆಟ್ಟಿತು. ಪಂಪಿನ ಹತ್ತಿರ ಮಾತಾಡುವ ದಾರಿ ಪಂಪಲ್ಲ. ರೂಟರಿನ ಹತ್ತಿರ ಮಾತಾಡುವ ದಾರಿ ರೂಟರೇ. ಕೂತ ಕೊಂಬೆಯ ಕಥೆ. ಪಿಂಗ್ ನಿಂತರೆ ತಾನಾಗಿ ಕರೆಂಟು ಕಡಿದು ಕೊಡುವ ಪ್ಲಗ್ ಸಿಗುತ್ತದೆ, ಅದನ್ನೊಂದು ದೊಡ್ಡ ಉಪಾಯ ಎಂದು ಕೊಂಡಾಡುವವರೂ ಇದ್ದಾರೆ. ಬಳ್ಳಕ್ಕದ ಹತ್ತಿರ ಮರ ಬಿದ್ದು ಫೈಬರ್ ತುಂಡಾದ ರಾತ್ರಿ, ಈ ಪ್ಲಗ್ ಏನೂ ತಪ್ಪು ಮಾಡದ ರೂಟರನ್ನು ಬೆಳಗಿನ ತನಕ ಐದೈದು ನಿಮಿಷಕ್ಕೆ ಆರಿಸಿ ಹೊತ್ತಿಸುತ್ತಾ ಕೂರುತ್ತದೆ. ದಿನಕ್ಕೆ ಒಂದೇ ಸಲ ಎಂಬ ಮಿತಿ ಇಲ್ಲದ ಪ್ಲಗ್ ನನ್ನ ಪ್ರಕಾರ ಮನೆಗೆ ತರಬಾರದ ವಸ್ತು.

ಮುಟ್ಟಲೇಬೇಕೆಂದರೆ ಒಳ್ಳೆಯ ಯಂತ್ರಗಳಲ್ಲಿ ಒಂದು ಸೊಗಸಾದ ವ್ಯವಸ್ಥೆ ಇದೆ. ಮೈಕ್ರೊಟಿಕ್‌ನಲ್ಲಿ ಅದರ ಹೆಸರು ಸೇಫ್ ಮೋಡ್. ಅದನ್ನು ಒತ್ತಿ ಕೆಲಸ ಶುರು ಮಾಡಿದರೆ, ನಿಮ್ಮದೇ ಬದಲಾವಣೆಯಿಂದ ನಿಮ್ಮ ಸಂಪರ್ಕ ಕಡಿದಾಗ ಯಂತ್ರ ಮಾಡಿದ್ದನ್ನೆಲ್ಲ ಅಳಿಸಿ ಮೊದಲಿನ ಸ್ಥಿತಿಗೆ ಮರಳುತ್ತದೆ. ದೊಡ್ಡ ಕಂಪೆನಿಗಳು ಬಳಸುವ ಜೂನಿಪರ್ ರೂಟರು, ಅದಕ್ಕೆಂದೇ ಇರುವ ಆದೇಶ ಕೊಟ್ಟರೆ, ಹತ್ತು ನಿಮಿಷ ಕಾಯುತ್ತದೆ. ಅಷ್ಟರೊಳಗೆ ನೀವು ಮರಳಿ ಬಂದು 'ಹೌದು, ಇದೇ ಇರಲಿ' ಎನ್ನದಿದ್ದರೆ ಹಳೆಯದಕ್ಕೇ ಹೋಗುತ್ತದೆ. ಓಪನ್‌ವರ್ಟ್‌ನ ಪುಟವೂ ಇದನ್ನು ಮಾಡುತ್ತದೆ. ಅಂಗಡಿಯಲ್ಲಿ ಸಿಗುವ ಮನೆ ರೂಟರುಗಳಲ್ಲಿ ಆಂಟೆನಾ ನಾಲ್ಕಾರು ಇದ್ದರೂ ಈ ಗುಣ ಸಾಮಾನ್ಯವಾಗಿ ಇರುವುದಿಲ್ಲ. ರೂಟರ್ ಕೊಳ್ಳುವಾಗ ನಾನು ಮೊದಲು ಕೇಳುವುದು ಇದನ್ನೇ.

2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ಲೋಕದಿಂದ ಮಾಯವಾದದ್ದು ನೆನಪಿರಬಹುದು. ನಿರ್ವಹಣೆಯ ವೇಳೆ ಕೊಟ್ಟ ಒಂದು ಆದೇಶ ಅವರ ಇಡೀ ಬೆನ್ನೆಲುಬು ಜಾಲವನ್ನೇ ಕಡಿದುಹಾಕಿತು. ತಪ್ಪು ಆದೇಶವನ್ನು ತಡೆಯಬೇಕಾಗಿದ್ದ ಪ್ರೋಗ್ರಾಮಿನಲ್ಲೇ ದೋಷವಿತ್ತು. ಸರಿಮಾಡುವ ಉಪಕರಣಗಳು ಕೂಡ ಅದೇ ಜಾಲದ ಮೇಲಿದ್ದುದರಿಂದ ಎಂಜಿನಿಯರುಗಳು ಡೇಟಾ ಸೆಂಟರಿಗೆ ಕಾಲ್ನಡೆಯಲ್ಲಿ ಒಳಹೋಗಬೇಕಾಯಿತು. ಅಷ್ಟು ದೊಡ್ಡವರಿಗೇ ಹೀಗಾದರೆ, ರಾತ್ರಿ ಹನ್ನೊಂದಕ್ಕೆ ಬನಶಂಕರಿಯಲ್ಲಿ ಕೂತು ಗುತ್ತಿಗಾರಿನ ಫೈರ್‌ವಾಲ್ ತಿದ್ದುವವರ ಪಾಡೇನು! ಅವರ ಕಾಲ್ನಡೆಗೆ ಮೊದಲು ಸುಬ್ರಹ್ಮಣ್ಯದ ರಾತ್ರಿ ಬಸ್ಸಿನಲ್ಲಿ ಸೀಟು ಸಿಗಬೇಕು.

ಬಾಗಿಲು ತೆರೆದಿಡುವವರ ವಿಷಯ ಬೇಗ ಹೇಳಿಬಿಡುತ್ತೇನೆ. ಸುರಂಗ ತೋಡುವ ರಗಳೆ ಯಾಕೆಂದು ರೂಟರಿನ ಆಡಳಿತ ಪುಟವನ್ನೇ ಇಂಟರ್‌ನೆಟ್ಟಿಗೆ ತೆರೆಯುವವರಿದ್ದಾರೆ. 2016ರ ನವೆಂಬರಿನಲ್ಲಿ ಜರ್ಮನಿಯ ಡಾಯ್ಚೆ ಟೆಲಿಕಾಮ್‌ನ ಸುಮಾರು 9 ಲಕ್ಷ ಗಿರಾಕಿಗಳ ರೂಟರುಗಳು ಮಲಗಿದವು. ದೂರದಿಂದ ನಿರ್ವಹಿಸಲೆಂದು ಇರುವ 7547ನೇ ಪೋರ್ಟಿನ ಮೇಲೆ ಮಿರಾಯ್ ಹುಳುವಿನ ತಳಿಯೊಂದು ದಾಳಿ ಮಾಡಿತ್ತು. ಇನ್ನೊಂದು ಮಾತು ಮಕ್ಕಳಿಗೆ. ರೂಟರ್ ಕಾಯುವ ಪ್ರೋಗ್ರಾಮು ಅಪ್ಪನ ಫೋನು ಎಷ್ಟು ಹೊತ್ತಿಗೆ ಯಾವ ತಾಣಕ್ಕೆ ಹೋಯಿತೆಂದೂ ತೋರಿಸಬಲ್ಲದು. ಆ ಪುಟವನ್ನು ಆಫ್ ಮಾಡಿ ಇಡಿ. ಅಪ್ಪ ಮಧ್ಯರಾತ್ರಿ ಯಕ್ಷಗಾನ ನೋಡಿದರೆ ನೋಡಲಿ.

ಫರ್ಮ್‌ವೇರ್ ಬದಲಾವಣೆಗೆ ಮಾತ್ರ ಸೇಫ್ ಮೋಡೂ ಒದಗುವುದಿಲ್ಲ; ನಡುವೆ ಕರೆಂಟು ಹೋದರೆ ಡಬ್ಬ ಕಲ್ಲಾಗಬಹುದು. ಅದನ್ನು ಊರಿಗೆ ಬಂದಾಗ ಮಾಡುವುದು ಕ್ಷೇಮ. ಚಂಪಾ ಷಷ್ಠಿಗೆ ಹೇಗೂ ಎಲ್ಲರೂ ಬರುತ್ತಾರೆ. ಗುಡುಗಿನ ಕಾಟ ಆ ಹೊತ್ತಿಗೆ ತಗ್ಗಿರುತ್ತದೆ, ತೋಟಕ್ಕೆ ನೀರು ಬಿಡುವ ಗಡಿಬಿಡಿ ಇನ್ನೂ ಜೋರಾಗಿರುವುದಿಲ್ಲ. ಹಗಲು ಹೊತ್ತು, ಇನ್ವರ್ಟರ್ ತುಂಬಿರುವಾಗ, ಹಳೆಯ ಸೆಟ್ಟಿಂಗಿನ ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡೇ ಕೂರಬೇಕು. ಆ ದಿನವೇ ಡಬ್ಬದ ದೀಪಗಳ ಅಡಿಯಲ್ಲಿ ಕನ್ನಡದಲ್ಲಿ ದಪ್ಪ ಅಕ್ಷರದ ಚೀಟಿ ಅಂಟಿಸಿ ಬರುವುದು: ಕರೆಂಟು, ಫೈಬರ್, ವೈಫೈ.