ಜನಗಢ ಕಲಮ್: ಗೆರೆಯೂ ಜಾಲರಿಯೂ

ಗೊಂಡ ಚಿತ್ರಕಲೆ ಎಂದ ಕೂಡಲೇ ಅನಾದಿ ಕಾಲದ ಅರಣ್ಯ ಪರಂಪರೆ ಎಂದು ಬರೆದುಬಿಡುವ ರೂಢಿ ನಮ್ಮಲ್ಲಿದೆ. ಆದರೆ ಇಂದು ಕಾಗದದ ಮೇಲೆ ಕಾಣುವ ಗೊಂಡ ಚಿತ್ರಕ್ಕೆ ವಯಸ್ಸು ನಾಲ್ಕು ದಶಕ ದಾಟಿದೆ, ಅಷ್ಟೇ. ಅದು ರೂಪುಗೊಂಡದ್ದು ಭೋಪಾಲದಲ್ಲಿ, ಮುಖ್ಯವಾಗಿ ಜನಗಢ್ ಸಿಂಗ್ ಶ್ಯಾಮ್ ಅವರ ಕೈಯಲ್ಲಿ. ಶಾಯಿ, ಪೆನ್ನು, ಮುದ್ರಣ ಇವೆಲ್ಲ ಆ ಕಲೆಯ ಹುಟ್ಟಿನಲ್ಲೇ ಇದ್ದವು. ಇದನ್ನು ಮರೆತರೆ ಅದರ ಸತ್ವವೂ ತಿಳಿಯದು, ಈಗಿನ ಸೊರಗೂ ತಿಳಿಯದು.

ಜನಗಢ್ ಹುಟ್ಟಿದ ಪರಧಾನ ಸಮುದಾಯದವರು ಗೊಂಡರ ಗಾಯಕರು; ಬಾನಾ ವಾದ್ಯ ನುಡಿಸಿ ಬಡಾದೇವನನ್ನು ಕರೆಯುವುದು, ವಂಶಕಥೆ ಹಾಡುವುದು ಅವರ ವೃತ್ತಿ. ಚಿತ್ರವೆಂದರೆ ಮನೆಯ ಗೋಡೆ, ನೆಲದ ಮೇಲಿನ ಡಿಗ್ನಾ ವಿನ್ಯಾಸ, ಮಣ್ಣಿನ ಉಬ್ಬುಕೆಲಸ. 1980ರ ದಶಕದ ಆರಂಭದಲ್ಲಿ ಕಲಾವಿದ ಜೆ. ಸ್ವಾಮಿನಾಥನ್ ಅವರ ತಂಡ ಪಾಟನ್‌ಗಢ ಹಳ್ಳಿಯಲ್ಲಿ ತರುಣ ಜನಗಢರನ್ನು ಗುರುತಿಸಿತು. 1982ರಲ್ಲಿ ಭೋಪಾಲದಲ್ಲಿ ತೆರೆದ ಕಲಾಕೇಂದ್ರ ಭಾರತ ಭವನದ ಗ್ರಾಫಿಕ್ ವಿಭಾಗದಲ್ಲಿ ಅವರಿಗೆ ಕೆಲಸವೂ ಸಿಕ್ಕಿತು. ಹಾಡಿನಲ್ಲಷ್ಟೇ ಇದ್ದ ದೇವತೆಗಳು ಅಲ್ಲಿ ಮೊದಲ ಬಾರಿಗೆ ಮೈ ಪಡೆದವು. 1989ರಲ್ಲಿ ಪ್ಯಾರಿಸ್ಸಿನ ‘ಮಾಜಿಸಿಯಾ ದ ಲಾ ತೇರ್’ ಪ್ರದರ್ಶನಕ್ಕೂ ಅವರ ಕೃತಿಗಳು ಹೋದವು. ಬೆಂಗಳೂರಿನ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿಯ ಸಂಗ್ರಹದಲ್ಲೂ ಅವರ ಕೃತಿಗಳಿವೆ.

ಜನಗಢ ಕಲಮ್ ಎಂದು ಹೆಸರಾದ ಈ ಶೈಲಿಯಲ್ಲಿ ಮೊದಲು ಹೊರಗೆರೆ ಬರುತ್ತದೆ. ಜಿಂಕೆಯ ಕೊಂಬು ಮೇಲೇರುತ್ತ ಕೊಂಬೆಯಾಗುತ್ತದೆ. ಎಲ್ಲಿ ಪ್ರಾಣಿ ಮುಗಿದು ಮರ ಶುರುವಾಯಿತೆಂದು ಹೇಳಲಾಗದು. ಆಮೇಲೆ ಒಳತುಂಬು: ಸಣ್ಣ ಮೊನೆಯ ಪೆನ್ನಿನಿಂದ ಚುಕ್ಕೆ, ಅಡ್ಡಗೀಟು, ಬಾಚಣಿಗೆ ಹಲ್ಲಿನಂಥ ಸಾಲು. ನೆರಳು ಬೆಳಕಿನ ಗೊಡವೆಯಿಲ್ಲ, ದೂರ ಹತ್ತಿರಗಳ ಲೆಕ್ಕವಿಲ್ಲ. ಮೈಗೆ ಜೀವ ಬರುವುದೆಲ್ಲ ಗೀಟುಗಳ ದಟ್ಟಣೆಯಿಂದ, ಅವು ಹರಿಯುವ ದಿಕ್ಕಿನಿಂದ.

ಇಂಥ ಗೆರೆಗೆ ಸ್ಕ್ರೀನ್ ಪ್ರಿಂಟ್ ಹೇಳಿ ಮಾಡಿಸಿದ ಮಾಧ್ಯಮ. ಮದುವೆ ಕರೆಯೋಲೆಗಳಿಂದ ನಮಗೆಲ್ಲ ಪರಿಚಿತವಾದ ತಂತ್ರವೇ ಇದು. ಚೌಕಟ್ಟಿಗೆ ಬಿಗಿದ ಜಾಲರಿಗೆ ಬೆಳಕಿಗೆ ಗಟ್ಟಿಯಾಗುವ ಲೇಪ ಹಚ್ಚುತ್ತಾರೆ. ಚಿತ್ರದ ಗೆರೆಯಿದ್ದಲ್ಲಿ ಲೇಪ ತೊಳೆದುಹೋಗಿ ದಾರಿ ತೆರೆಯುತ್ತದೆ; ರಬ್ಬರ್ ಪಟ್ಟಿಯಿಂದ ಎಳೆದ ಶಾಯಿ ಆ ದಾರಿಯಲ್ಲಿ ಕಾಗದಕ್ಕಿಳಿಯುತ್ತದೆ. ಒಂದೊಂದು ಬಣ್ಣಕ್ಕೂ ಒಂದೊಂದು ಜಾಲರಿ, ನಡುವೆ ಒಣಗಲು ಬಿಡುವು. ಆಫ್‌ಸೆಟ್ ಮುದ್ರಣ ಬಣ್ಣವನ್ನು ಕಣಗಳಾಗಿ ಒಡೆಯುತ್ತದೆ, ಅದರ ಶಾಯಿಯೂ ಪಾರದರ್ಶಕ. ಸ್ಕ್ರೀನ್ ಪ್ರಿಂಟ್‌ನ ಶಾಯಿ ದಪ್ಪಗೆ ಕೂರುತ್ತದೆ. ಕಪ್ಪು ಕಾಗದದ ಮೇಲೂ ಹಳದಿ ಹಳದಿಯಾಗಿಯೇ ಉಳಿಯುತ್ತದೆ.

ಚೆನ್ನೈನ ತಾರಾ ಬುಕ್ಸ್ 2006ರಲ್ಲಿ ಹೊರತಂದ ‘ದಿ ನೈಟ್ ಲೈಫ್ ಆಫ್ ಟ್ರೀಸ್’ ಇದಕ್ಕೆ ಸಾಕ್ಷಿ. ಗೊಂಡ ಕಲಾವಿದರಾದ ಭಜ್ಜು ಶ್ಯಾಮ್, ದುರ್ಗಾಬಾಯಿ ವ್ಯಾಮ್, ರಾಮ್ ಸಿಂಗ್ ಉರ್ವೇತಿ ಬರೆದ ಮರಗಳನ್ನು ಕೈತಯಾರಿ ಕಪ್ಪು ಕಾಗದದ ಮೇಲೆ ಕೈಯಿಂದಲೇ ಅಚ್ಚುಹಾಕಿ, ಕೈಯಿಂದಲೇ ಹೊಲಿದ ಪುಸ್ತಕವಿದು. 2008ರಲ್ಲಿ ಬೊಲೊನ್ಯಾ ಮಕ್ಕಳ ಪುಸ್ತಕ ಮೇಳದ ರಗಾಜಿ ಪ್ರಶಸ್ತಿ ಇದಕ್ಕೆ ಸಂದಿತು. ಭೂಮಿಯನ್ನು ಸುರುಳಿಯಲ್ಲಿ ಹಿಡಿದ ಹಾವಿನ ಚಿತ್ರ ಅದರಲ್ಲಿದೆ. ಮರದ ಬೇರೂ ಹಾವಿನಂತೆಯೇ ನೆಲವನ್ನು ಬಿಗಿದಿದೆ. ಪುಟದ ಮೇಲೆ ಬೆರಳಾಡಿಸಿದರೆ ಶಾಯಿಯ ಉಬ್ಬು ತಾಗುತ್ತದೆ. ಮಣ್ಣಿನ ಉಬ್ಬುಚಿತ್ರದಿಂದ ಹೊರಟ ಪರಂಪರೆ ಹೀಗೆ ಮುದ್ರಣದಲ್ಲೂ ಸ್ಪರ್ಶವನ್ನು ಉಳಿಸಿಕೊಂಡಿದೆ. ಇದನ್ನು ಮೂಲದ ನಕಲೆಂದು ಕರೆಯುವುದು ಅನ್ಯಾಯ.

ಆದರೆ ಜಾಲರಿ ಎಲ್ಲವನ್ನೂ ದಾಟಿಸುವುದಿಲ್ಲ. ಪೆನ್ನು ತಡೆದು ನಿಂತಲ್ಲಿ ಶಾಯಿ ಕೊಂಚ ಕಪ್ಪಾಗುವುದು, ಬೇಗ ಸರಿದಲ್ಲಿ ತೆಳುವಾಗುವುದು ಮುದ್ರಣದಲ್ಲಿ ಸಮತಟ್ಟಾಗುತ್ತದೆ. ಇದು ಸಣ್ಣ ನಷ್ಟ. ದೊಡ್ಡ ನಷ್ಟ ಬೇರೆ ಕಡೆ ಇದೆ. ಜನಗಢರ ಶಾಯಿಚಿತ್ರಗಳಲ್ಲಿ ಒಳತುಂಬು ಪ್ರಾಣಿಗೆ ತಕ್ಕಂತೆ ಬದಲಾಗುತ್ತಿತ್ತು. ಹಕ್ಕಿಯ ಮೈ ಬೇರೆ, ಹಾವಿನ ಮೈ ಬೇರೆ. ನಂತರದ ಕಲಾವಿದರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಗುರುತಿನ ವಿನ್ಯಾಸ ನಿಂತಿತು. ಮೊದಮೊದಲು ಅದು ಸಾಮೂಹಿಕ ಶೈಲಿಯೊಳಗೆ ವ್ಯಕ್ತಿಯ ಸಹಿಯಾಗಿತ್ತು, ಗೌರವದ ಸಂಗತಿಯಾಗಿತ್ತು. ಮಾರುಕಟ್ಟೆ ಅದನ್ನೇ ಕೇಳತೊಡಗಿದ ಮೇಲೆ ಸಹಿ ಸೂತ್ರವಾಯಿತು: ನವಿಲಿಗೂ ಅದೇ, ನದಿಗೂ ಅದೇ. ಕಥೆ ಕಳಚಿಕೊಂಡ ಗೀಟುಗಳು ಚೀಲ, ಚಹಾ ಕಪ್‌ಗಳ ಅಲಂಕಾರಕ್ಕಷ್ಟೇ ಉಳಿದಿವೆ.

ದೋಷ ಮುದ್ರಣದ್ದಲ್ಲ. ಕಥೆಯ ಜೊತೆ ಗೆರೆ ಕೂಡಿದ್ದಾಗ ಸ್ಕ್ರೀನ್ ಪ್ರಿಂಟ್ ಅದನ್ನು ಬೆಳೆಸಿದೆ. ಆ ಗೆರೆಗೆ ದಾರಿ ತೆರೆದ ಜನಗಢ್ ಈಗಿಲ್ಲ; 2001ರಲ್ಲಿ ಜಪಾನಿನ ವಸ್ತುಸಂಗ್ರಹಾಲಯವೊಂದರಲ್ಲಿ ಕೆಲಸ ಮಾಡುತ್ತಿದ್ದಾಗಲೇ ಅವರು ಪ್ರಾಣ ಕಳೆದುಕೊಂಡರು. ಅವರ ಹಾದಿಯಲ್ಲಿ ನಡೆಯುವವರಿಗೆ ನಾವು ಕೊಡಬೇಕಾದದ್ದು ಹೊಸ ಕಥೆ ಹೇಳುವ ಅವಕಾಶ, ಹೊಸ ಗೀಟು ಹುಡುಕುವಷ್ಟು ಸಮಯ, ಅದಕ್ಕೆ ತಕ್ಕ ಸಂಭಾವನೆ. ಹಳೆಯ ವಿನ್ಯಾಸವನ್ನೇ ಮತ್ತೆ ಮತ್ತೆ ಕೇಳುತ್ತಿದ್ದರೆ ಈ ಪರಂಪರೆಯನ್ನು ಸೊರಗಿಸಿದ ಹೊಣೆ ಕೊಳ್ಳುವವರಾದ ನಮ್ಮದೇ.