ಎರೆಯ ನೆಂಟ ಜಾಲಿ

ವಿಜಯಪುರದ ಕಡೆಯ ಓದುಗರೊಬ್ಬರ ಪತ್ರ ಬಂತು: ‘ಹೊಸ ಮನೆಯ ಅಂಗಳದಲ್ಲಿ ಬರೀ ಕಪ್ಪು ಎರೆಮಣ್ಣು. ಮೂರಡಿ ತೆಗೆಸಿ ಕೆಮ್ಮಣ್ಣು ತುಂಬಿಸಲೇ?’

ತುಂಬಿಸಬೇಡಿ. ಕೆಮ್ಮಣ್ಣಿನ ಪಂಥದವರ ಜೊತೆ ನನ್ನ ಜಗಳ ಹಳೆಯದು. ಅವರ ಮಾತು ಕೇಳಿ ನಾನೂ ಒಮ್ಮೆ ಎರೆಯಲ್ಲಿ ಗುಂಡಿ ತೋಡಿ, ಕೆಮ್ಮಣ್ಣು, ಮರಳು ತುಂಬಿ ಮಾವಿನ ಕಸಿ ನೆಟ್ಟಿದ್ದೆ. ಮಳೆಗೆ ಸುತ್ತಲಿನ ಎರೆ ಉಬ್ಬಿ ಬಾಯಿ ಮುಚ್ಚಿಕೊಂಡಿತು. ಗುಂಡಿಗಿಳಿದ ನೀರಿಗೆ ಹೋಗಲು ದಾರಿಯಿಲ್ಲ. ಗಿಡ ಹಂಡೆಯೊಳಗೆ ನಿಂತಂತೆ ನಿಂತಿತು. ಉಳಿದ ನಾಲ್ಕು ಬೇರನ್ನು ಬೇಸಿಗೆಯ ಬಿರುಕು ಹರಿಯಿತು. ಕಿತ್ತು ನೋಡಿದರೆ ಬೇರಿನ ಸಿಪ್ಪೆ ಕಪ್ಪಗೆ ಕೊಳೆತು ಬೆರಳಿಗೆ ಜಾರಿ ಬಂತು.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಮೇಲೆ ಹರಿದ ಲಾವಾ ಕರಿಕಲ್ಲಾಗಿ, ಅದು ಸವೆದು ಆದ ಮಣ್ಣು ಈ ಎರೆ. ಬೇಸಿಗೆಗೆ ಬಿರಿಯುತ್ತದೆ, ಮೇಲಿನ ಹುಡಿ ಬಿರುಕಿನೊಳಗೆ ಸುರಿಯುತ್ತದೆ, ಮಳೆ ಬಂದರೆ ಉಬ್ಬಿ ಒಳಗಿನದು ಮೇಲೇಳುತ್ತದೆ. ತನ್ನನ್ನು ತಾನೇ ಉತ್ತುಕೊಳ್ಳುವ ನೆಲ! ಇಲ್ಲಿ ತಾಯಿಬೇರನ್ನು ನೆಟ್ಟಗೆ ಆಳಕ್ಕಿಳಿಸುವ, ಕೆಲವು ದಿನ ಬುಡದಲ್ಲಿ ನೀರು ನಿಂತರೂ ತಾಳುವ ಮರ ಬೇಕು. ಕರಿಜಾಲಿ ಅಂಥದ್ದು. ಕೆರೆಯಂಗಳದಲ್ಲೂ ಬಾಳುತ್ತದೆ, ಬದುವಿನ ಮೇಲೂ ಬಾಳುತ್ತದೆ. ನಮ್ಮ ರಂಟೆ, ಕುಂಟೆ, ಚಕ್ಕಡಿಯ ಗಾಲಿಗಳೆಲ್ಲ ಒಂದು ಕಾಲಕ್ಕೆ ಹೆಚ್ಚಾಗಿ ಅದರ ಕಟ್ಟಿಗೆಯವೇ ಆಗಿದ್ದವು.

ಜಾಲಿ ಎಂದೊಡನೆ ಮೂಗು ಮುರಿಯುವವರು ಬಳ್ಳಾರಿ ಜಾಲಿಯ ಪಾಪವನ್ನು ಇದರ ತಲೆಗೆ ಕಟ್ಟುತ್ತಿದ್ದಾರೆ. ಅದು ಅಮೆರಿಕ ಖಂಡದಿಂದ ಬಂದದ್ದು, ಹಳ್ಳ ಗೋಮಾಳಗಳನ್ನು ನುಂಗಿದ್ದು. ಹೂವು ನೋಡಿ: ಬಳ್ಳಾರಿ ಜಾಲಿಯದು ಬೆರಳುದ್ದದ ತೆನೆ, ನಮ್ಮದು ಅರಿಸಿನದ ಪುಟ್ಟ ಉಂಡೆ. ಕಾಯಿ ಹಿಡಿದರೆ ಕಣ್ಣು ಮುಚ್ಚಿಯೂ ಹೇಳಬಹುದು. ಕರಿಜಾಲಿಯ ಕಾಯಿ ಬೀಜ ಬೀಜಕ್ಕೂ ಸೊಂಟ ಬಿಗಿದು ಮಣಿಸರದಂತಿರುತ್ತದೆ, ಮೇಲೆ ಬೂದಿ ಬಣ್ಣದ ನವಿರು. ಬಳ್ಳಾರಿ ಜಾಲಿಯ ಕಾಯಿ ಹಳದಿ ಬಣ್ಣದ ಚಪ್ಪಟೆ ಪಟ್ಟಿ. ಇಷ್ಟು ಸ್ಪಷ್ಟವಾದ ವ್ಯತ್ಯಾಸ ಗೊತ್ತಿಲ್ಲದೆ ಬದುವಿನ ಮುದಿಜಾಲಿಗೆ ಕೊಡಲಿ ಹಾಕುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

ಪತ್ರ ಬರೆದವರೇ, ಗೋಡೆಯಿಂದ ದೂರ, ಅಂಗಳದ ತುದಿಯಲ್ಲಿ ಒಂದು ಜಾಲಿಗೆ ಜಾಗ ಬಿಡಿ. ಸಸಿ ಕೊಳ್ಳಬೇಡಿ; ಚೀಲದಲ್ಲಿ ತಾಯಿಬೇರು ಸುತ್ತಿಕೊಂಡಿರುತ್ತದೆ. ಕುರಿ ಆಡು ತರುಬಿದ ಹೊಲಕ್ಕೆ ಹೋಗಿ ಹಿಕ್ಕೆ ಕೆದಕಿದರೆ ಬೀಜ ಸಿಗುತ್ತದೆ. ಆಡಿನ ಹೊಟ್ಟೆಯಲ್ಲಿ ಗಟ್ಟಿ ಸಿಪ್ಪೆ ಮೆತ್ತಗಾದ ಬೀಜ ಬೇಗ ಮೊಳೆಯುತ್ತದೆ. ಮುಂಗಾರಿನ ಮೊದಲ ಹದಕ್ಕೆ, ಮರ ಎಲ್ಲಿ ಬೇಕೋ ಅಲ್ಲೇ, ಒಂದೊಂದು ಬೊಟ್ಟಿನ ಆಳಕ್ಕೆ ನಾಲ್ಕು ಬೀಜ ಊರಿ. ಮೊದಲೆರಡು ವರ್ಷ ಆಡು ಬಾಯಿ ಹಾಕದಂತೆ ಸುತ್ತ ಮುಳ್ಳುಕಂಟಿ ಇಡಿ.